ಕಮಾನು ಆಮೇಲೆ ಕಟ್ಟಿ, ಮೊದಲು ಬಾಡಿಗೆ ಕರಾರು ಬರೆಯಿರಿ

ನಗರದ ಹಳೇ ನಡುಪೇಟೆಯನ್ನು ‘ಕಲೆ ಮತ್ತು ಮನರಂಜನೆ ವಲಯ’ ಮಾಡಲು ಹೊರಟಿರುವ ಅಧಿಕಾರಿಗಳಿಗೆ, ಚುನಾಯಿತ ಪ್ರತಿನಿಧಿಗಳಿಗೆ, ನಕ್ಷೆ ಬರೆಯುವವರಿಗೆ,

ನಮಸ್ಕಾರ.

ನಾನು ನಾಟಕಗಳಿಗೆ ಬೆಳಕು ಹಾಕುವವನು. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. ದೀಪ, ಕೇಬಲ್, ಏಣಿ ಹೊತ್ತುಕೊಂಡು ಊರೂರು ಸುತ್ತಿದ್ದೇನೆ. ನಿಮ್ಮದು ಯಾವ ಊರು ಅಂತ ಇಲ್ಲಿ ಬರೆಯುವುದಿಲ್ಲ. ಬೇಕಾಗಿಯೂ ಇಲ್ಲ. ಯಾಕೆಂದರೆ ಇಂಥ ಯೋಜನೆಯ ಚಿತ್ರ ಎಲ್ಲ ಊರಲ್ಲೂ ಒಂದೇ ಥರ ಇರುತ್ತದೆ. ಸಂಜೆಯ ನೀಲಿ ಆಕಾಶ. ಗಾಜಿನ ದೊಡ್ಡ ಕಟ್ಟಡ. ಬೀದಿಯ ಬಾಯಲ್ಲಿ ಒಂದು ಕಮಾನು. ಬಲೂನ್ ಹಿಡಿದ ಮಗು. ಮರದ ಕೆಳಗೆ ಗಿಟಾರ್ ನುಡಿಸುವ ಹುಡುಗ. ಆ ಚಿತ್ರದಲ್ಲಿ ಮಳೆ ಬರುವುದಿಲ್ಲ. ಲಾರಿ ನಿಂತಿರುವುದಿಲ್ಲ. ಆ ಗಿಟಾರ್ ಹುಡುಗ ಎಲ್ಲಿ ಮಲಗುತ್ತಾನೆ, ಎಲ್ಲಿ ಅಭ್ಯಾಸ ಮಾಡುತ್ತಾನೆ ಅನ್ನುವುದೂ ಅದರಲ್ಲಿ ಕಾಣುವುದಿಲ್ಲ.

ಯೋಜನೆಗೆ ನಾನು ವಿರೋಧಿಯಲ್ಲ. ಆಫೀಸು ಬಿಟ್ಟ ಕೂಡಲೇ ಸತ್ತಂತಾಗುವ ನಡುಪೇಟೆಗಳನ್ನು ತುಂಬಾ ನೋಡಿದ್ದೇನೆ. ಶೋ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಗೆ ಬಂದರೆ ಬೀದಿಯಲ್ಲಿ ನಾಯಿ ಬಿಟ್ಟರೆ ನಾವೇ. ಅಲ್ಲಿ ಜನ ಓಡಾಡಲಿ, ದೀಪ ಉರಿಯಲಿ ಅಂತ ನಮಗಿಂತ ಜಾಸ್ತಿ ಬಯಸುವವರು ಯಾರಿದ್ದಾರೆ? ನನ್ನ ತಕರಾರು ಇಷ್ಟೇ: ನೀವು ಕೆಲಸ ಶುರು ಮಾಡುವ ಕ್ರಮ ತಲೆಕೆಳಗಾಗಿದೆ.

ಒಂದು ಕೋಣೆಯ ಕತೆ ಹೇಳುತ್ತೇನೆ. ಹಳೇ ಪ್ರೆಸ್ಸೊಂದರ ಮೇಲಿನ ಮಹಡಿ ಅದು. ಕೆಳಗೆ ಯಂತ್ರ ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಮೆಟ್ಟಿಲು ಹತ್ತುವಾಗ ಮಸಿ ವಾಸನೆ ಬರುತ್ತಿತ್ತು. ಮೇಲೆ ನಡುವೆ ಕಂಬವಿಲ್ಲದ ಉದ್ದನೆಯ ಹಾಲ್. ಮರದ ನೆಲ. ಒಂದು ಕಿಟಕಿ ಏನು ಮಾಡಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಮೂರು ತಂಡದವರು ಸೇರಿ ಬಾಡಿಗೆ ಕಟ್ಟುತ್ತಿದ್ದೆವು. ತಾಲೀಮಿನಲ್ಲಿ ಸೆಟ್ ಇರುವುದಿಲ್ಲ ಅಲ್ವಾ? ಅದಕ್ಕೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸುತ್ತೇವೆ. ಇದು ಬಾಗಿಲು, ಇದು ಮೆಟ್ಟಿಲು, ಇದು ಅಜ್ಜಿಯ ಮಂಚ. ನಾಟಕ ಮುಗಿದ ಮೇಲೆ ಟೇಪ್ ಕಿತ್ತರೂ ಅಂಟಿನ ಗೆರೆ ಉಳಿಯುತ್ತದೆ. ವರ್ಷ ಕಳೆದ ಹಾಗೆ ನೆಲದ ತುಂಬ ಗೆರೆಗಳೇ. ಯಾವ ಗೆರೆ ಯಾವ ನಾಟಕದ್ದು ಅಂತ ನಮ್ಮ ಹಿರಿಯ ನಟಿಯೊಬ್ಬರು ಕಣ್ಣು ಹಾಯಿಸಿಯೇ ಹೇಳುತ್ತಿದ್ದರು.

ಆಮೇಲೆ ಆ ಬೀದಿಗೆ ‘ಸಾಂಸ್ಕೃತಿಕ ಬೀದಿ’ ಅಂತ ಫಲಕ ಬಂತು. ಉದ್ಘಾಟನೆಗೆ ಬೆಳಕು ಹಾಕಿದ್ದು ನಾವೇ. ಒಂದೂವರೆ ವರ್ಷ ಕಳೆಯುವುದರೊಳಗೆ ಬಾಡಿಗೆ ಎರಡರಷ್ಟನ್ನೂ ದಾಟಿತು. ಮಾಲೀಕರು ಕೆಟ್ಟವರಲ್ಲ. ‘ಪಕ್ಕದ ಕಟ್ಟಡಕ್ಕೆ ಅಷ್ಟು ಬರ್ತಿದೆ, ನಾನೇನು ಮಾಡಲಿ?’ ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಕೊನೇ ದಿನ ನೆಲದ ಗೆರೆಗಳನ್ನೆಲ್ಲ ಬ್ಲೇಡಿನಲ್ಲಿ ಕೆರೆದೆವು. ಅಡ್ವಾನ್ಸ್ ವಾಪಸ್ ಬರಬೇಕಿತ್ತಲ್ಲ. ಬೆಳಗ್ಗೆ ಶುರು ಮಾಡಿದ್ದು ಕತ್ತಲಾದರೂ ಮುಗಿಯಲಿಲ್ಲ. ಈಗ ಅಲ್ಲೊಂದು ಬಾರ್ ಇದೆ. ಗೋಡೆ ಅಲಂಕಾರಕ್ಕೆ ಹಳೇ ನಾಟಕಗಳ ಪೋಸ್ಟರ್ ಹಾಕಿದ್ದಾರೆ. ಅದರಲ್ಲಿ ಎರಡು ನಮ್ಮವು.

ಇದು ನಮ್ಮೊಬ್ಬರ ಗೋಳಾಗಿದ್ದರೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ನ್ಯೂಯಾರ್ಕಿನ ಸೋಹೊ ಬಡಾವಣೆ ನೋಡಿ. 1960ರ ದಶಕದಲ್ಲಿ ಅಲ್ಲಿನ ಕಾರ್ಖಾನೆ, ಗೋದಾಮುಗಳು ಖಾಲಿಯಾಗುತ್ತಿದ್ದವು. ಎತ್ತರದ ಸೂರು, ದೊಡ್ಡ ಕಿಟಕಿ, ಕಡಿಮೆ ಬಾಡಿಗೆ. ಚಿತ್ರ ಬರೆಯುವವರು, ಶಿಲ್ಪ ಮಾಡುವವರು ಬಂದರು. ಕಾನೂನಿಗೆ ವಿರುದ್ಧವಾಗಿ ಅಲ್ಲೇ ಮನೆಯನ್ನೂ ಹೂಡಿದರು. 1971ರಲ್ಲಿ ನಗರ ತನ್ನ ನಿಯಮ ಬದಲಿಸಿತು. ಕಲಾವಿದ ಅಂತ ಪ್ರಮಾಣಪತ್ರ ಪಡೆದವರು ಅಲ್ಲಿ ವಾಸ ಮಾಡಬಹುದು ಎಂದಿತು. 1973ರಲ್ಲಿ ಆ ಎರಕದ ಕಬ್ಬಿಣದ ಕಟ್ಟಡಗಳಿಗೆ ಪರಂಪರೆಯ ರಕ್ಷಣೆಯೂ ಸಿಕ್ಕಿತು. ಕಟ್ಟಡಗಳು ಉಳಿದವು. ಜನ ಉಳಿಯಲಿಲ್ಲ. ಇವತ್ತು ಅದು ದುಬಾರಿ ಬಟ್ಟೆ, ಬ್ಯಾಗುಗಳ ಪೇಟೆ. ಅಲ್ಲಿ ಉಳಿದುಕೊಂಡ ಹಳಬರಲ್ಲಿ ಹಲವರು ಅಗ್ಗದ ಕಾಲದಲ್ಲೇ ಒಟ್ಟಾಗಿ ಕಟ್ಟಡ ಕೊಂಡವರು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಟೆಂಪಲ್ ಬಾರ್ ಅನ್ನುವ ಪೇಟೆಯ ಕತೆ ಇನ್ನೂ ತಮಾಷೆಯದು. ಅಲ್ಲಿ ಸಾರಿಗೆ ಸಂಸ್ಥೆಯೊಂದು ದೊಡ್ಡ ಬಸ್ ನಿಲ್ದಾಣ ಕಟ್ಟಲೆಂದು 1980ರ ದಶಕದಲ್ಲಿ ಹಳೇ ಕಟ್ಟಡಗಳನ್ನು ಕೊಳ್ಳುತ್ತ ಹೋಯಿತು. ಕೆಡವುವ ತನಕ ಸುಮ್ನೆ ಯಾಕೆ ಖಾಲಿ ಬಿಡುವುದು ಅಂತ ಕಡಿಮೆ ಬಾಡಿಗೆಗೆ, ಸಣ್ಣ ಅವಧಿಗೆ ಕೊಟ್ಟಿತು. ಯಾರೂ ಯೋಜನೆ ಹಾಕಿರಲಿಲ್ಲ, ಯಾರೂ ರಿಬ್ಬನ್ ಕತ್ತರಿಸಿರಲಿಲ್ಲ. ಸ್ಟುಡಿಯೊಗಳು, ಗ್ಯಾಲರಿಗಳು, ಸಣ್ಣ ಅಂಗಡಿಗಳು ತಾವಾಗಿ ಬಂದು ಕೂತವು. ಬಸ್ ನಿಲ್ದಾಣದ ಯೋಜನೆ ಬಿದ್ದುಹೋಯಿತು. 1991ರಲ್ಲಿ ಸರ್ಕಾರ ಕಾನೂನು ಮಾಡಿ, ಪ್ರತ್ಯೇಕ ಕಂಪನಿ ಕಟ್ಟಿ, ಅದನ್ನು ಸಾಂಸ್ಕೃತಿಕ ವಲಯ ಮಾಡಿತು. ಒಳ್ಳೆಯ ಕೆಲಸಗಳೂ ಆದವು. ಸಿನಿಮಾ ಕೇಂದ್ರ ಬಂತು, ಚೌಕ ಬಂತು, ಕಲಾ ಕೇಂದ್ರಗಳು ಇಂದಿಗೂ ಇವೆ. ಆದರೆ ಆ ಹೆಸರು ಹೇಳಿದರೆ ಇವತ್ತು ಹೆಚ್ಚಿನವರಿಗೆ ಮೊದಲು ನೆನಪಾಗುವುದು ಪಬ್‌ಗಳು. ಮದುವೆಗೆ ಮುಂಚಿನ ಕುಡಿತದ ಪಾರ್ಟಿಗೆ ಗುಂಪು ಗುಂಪಾಗಿ ಬರುವ ಹುಡುಗರು. ಬೀಜಿಂಗ್‌ನ ‘798’ ಅನ್ನುವ ಕಲಾ ವಲಯ ಕೂಡ ಇದೇ ದಾರಿ ಹಿಡಿಯಿತು. ಪೂರ್ವ ಜರ್ಮನಿಯ ನೆರವಿನಿಂದ 1950ರ ದಶಕದಲ್ಲಿ ಕಟ್ಟಿದ ಕಾರ್ಖಾನೆ, 2000ದ ಆಸುಪಾಸಿನಲ್ಲಿ ಬಂದ ಕಲಾವಿದರು, ಹೆಸರು, ಪ್ರವಾಸಿಗರು, ಏರಿದ ಬಾಡಿಗೆ.

ಇಲ್ಲಿ ಖಳನಾಯಕ ಯಾರೂ ಇಲ್ಲ, ಗಮನಿಸಿದಿರಾ? ಬಾಡಿಗೆ ಏರುವುದು ಯೋಜನೆ ಸೋತಾಗ ಅಲ್ಲ, ಗೆದ್ದಾಗ. ಅಂದರೆ ನೀವು ಚೆನ್ನಾಗಿ ಕೆಲಸ ಮಾಡಿದಷ್ಟೂ ನಾವು ಬೇಗ ಮೂಟೆ ಕಟ್ಟಬೇಕು. ಹಾಗಾಗಿ ‘ಆಮೇಲೆ ನೋಡೋಣ’ ಅನ್ನುವ ಮಾತು ನಡೆಯುವುದಿಲ್ಲ. ಆಮೇಲೆ ಅಂದರೆ ಬೆಲೆ ಏರಿದ ಮೇಲೆ. ಆಗ ನಿಮ್ಮ ಹತ್ತಿರವೂ ದುಡ್ಡಿರುವುದಿಲ್ಲ.

ನಾನು ಮುಖ್ಯವಾಗಿ ಕೇಳುವುದು ಒಂದೇ. ಯೋಜನೆಯನ್ನು ಘೋಷಿಸುವ ಮೊದಲು, ಆ ಪೇಟೆಯಲ್ಲಿ ಒಂದಷ್ಟು ಕಟ್ಟಡಗಳನ್ನು ಮಾರುಕಟ್ಟೆಯಿಂದ ಹೊರಗೆ ತೆಗೆದಿಡಿ. ಚೆಂದದ ಕಟ್ಟಡಗಳೇ ಬೇಕಿಲ್ಲ. ಹಿಂದಿನ ಬೀದಿಯವು ಸಾಕು. ಒಂದೋ ನಗರವೇ ಕೊಳ್ಳಲಿ, ಇಲ್ಲವೇ ಲಾಭಕ್ಕಾಗಿ ನಡೆಯದ ಟ್ರಸ್ಟ್ ಒಂದರ ಹೆಸರಿಗೆ ಆಗಲಿ. ಅಲ್ಲಿ ತಾಲೀಮು ಕೋಣೆ, ಸೆಟ್ ಕಟ್ಟುವ ಕಾರ್ಯಾಗಾರ, ವಾದ್ಯ ರಿಪೇರಿ, ವೇಷಭೂಷಣದ ಉಗ್ರಾಣ ಇರಲಿ. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟರ ಮೇಲೆ ಏರಬಾರದು, ಕರಾರು ಎಷ್ಟು ವರ್ಷ ಅನ್ನುವುದು ಕಾಗದದ ಮೇಲೆ ಬರಲಿ. ಹನ್ನೊಂದು ತಿಂಗಳ ಕರಾರಿನಲ್ಲಿ ಯಾರೂ ಮರದ ನೆಲ ಹಾಕಿಸುವುದಿಲ್ಲ.

ಇದು ಕನಸೇನಲ್ಲ, ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1920ರ ದಶಕದ ಆರಂಭದಲ್ಲಿ ಕಟ್ಟಿದ ಐದು ದೊಡ್ಡ ಥಿಯೇಟರ್‌ಗಳು ಅಕ್ಕಪಕ್ಕದಲ್ಲಿದ್ದವು. 1960ರ ದಶಕದ ಕೊನೆಗೆ ಅವುಗಳಲ್ಲಿ ನಾಲ್ಕು ಮುಚ್ಚಿಹೋದವು. 1972ರಲ್ಲಿ ಎರಡನ್ನು ಕೆಡವಿ ಪಾರ್ಕಿಂಗ್ ಮಾಡುವ ಮಾತು ಬಂತು. ಊರಿನವರು ಹೋರಾಡಿ ಉಳಿಸಿಕೊಂಡರು. ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಥಿಯೇಟರ್ ನಡೆಸುವ ಆ ಸಂಸ್ಥೆ, ಪ್ಲೇಹೌಸ್ ಸ್ಕ್ವೇರ್, ಸುತ್ತಲಿನ ಆಸ್ತಿಗೂ ಕೈ ಹಾಕಿತು. ಆಫೀಸು ಕಟ್ಟಡ, ಹೋಟೆಲ್ ಹೀಗೆ. ಪೇಟೆಯ ಬೆಲೆ ಏರಿದರೆ ಆ ಲಾಭದ ಪಾಲು ರಂಗಕ್ಕೇ ಬರುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ 1984ರಲ್ಲಿ ಹುಟ್ಟಿದ ಕಲ್ಚರಲ್ ಟ್ರಸ್ಟ್ ಕೂಡ ಇದೇ ಬುದ್ಧಿ ಓಡಿಸಿತು. ಅಶ್ಲೀಲ ಪುಸ್ತಕ, ಸಿನಿಮಾಗಳ ಅಂಗಡಿಗಳಿಂದ ಹೆಸರು ಕೆಡಿಸಿಕೊಂಡಿದ್ದ ಬೀದಿಗಳಲ್ಲಿ ಕಟ್ಟಡಗಳನ್ನು ಒಂದೊಂದಾಗಿ ಕೊಂಡಿತು. 1928ರ ಹಳೇ ಸಿನಿಮಾ ಮಂದಿರವನ್ನು ದುರಸ್ತಿ ಮಾಡಿ 1987ರಲ್ಲಿ ತೆರೆಯಿತು. ಬೆಲೆ ಏರುವ ಮೊದಲು ಕೊಂಡವರು ಬೆಲೆ ಏರಿದಾಗ ಓಡಬೇಕಾಗಿಲ್ಲ. ಸೋಹೊದಲ್ಲಿ ಉಳಿದವರ ಗುಟ್ಟೂ ಇದೇ ತಾನೆ?

ಇನ್ನೊಂದು ಉದಾಹರಣೆ ನೆನೆದರೆ ನನಗೆ ಹೊಟ್ಟೆಕಿಚ್ಚು. ನ್ಯೂಯಾರ್ಕಿನ 42ನೇ ಬೀದಿ. ಜಗತ್ತಿನ ದುಬಾರಿ ಜಾಗಗಳಲ್ಲಿ ಒಂದು. ಅಲ್ಲಿನ ಹಳೇ ಥಿಯೇಟರ್‌ಗಳನ್ನು ನೋಡಿಕೊಳ್ಳಲು 1990ರಲ್ಲಿ ಲಾಭರಹಿತ ಸಂಸ್ಥೆಯೊಂದನ್ನು ಮಾಡಿದರು. ಅದು 1995ರಲ್ಲಿ ಒಂದು ಥಿಯೇಟರನ್ನು ಮಕ್ಕಳಿಗಾಗಿಯೇ ತೆರೆಯಿತು. 2000ದಲ್ಲಿ ಹತ್ತು ಮಹಡಿಯ ಕಟ್ಟಡವೊಂದನ್ನು ತೆರೆಯಿತು. ಅದರ ತುಂಬ ಹೆಚ್ಚಾಗಿ ಇರುವುದು ತಾಲೀಮು ಕೋಣೆಗಳು! ಅಂಥ ಬೀದಿಯಲ್ಲಿ, ಪ್ರೇಕ್ಷಕರು ಕಾಲೂ ಇಡದ ಕೋಣೆಗಳಿಗೆ ಜಾಗ. ಯಾರೋ ಒಬ್ಬರು ಆ ಸಭೆಯಲ್ಲಿ ಕೂತು ನಾಟಕ ಹೇಗೆ ತಯಾರಾಗುತ್ತದೆ ಅಂತ ಬಿಡಿಸಿ ಹೇಳಿರಬೇಕು. ನಿಮ್ಮ ಸಭೆಯಲ್ಲಿ ಅಂಥ ಒಬ್ಬರು ಇದ್ದಾರಾ? ಅತಿಥಿ ಭಾಷಣಕ್ಕೆ ಕರೆಯುವ ಹೆಸರಾಂತ ಕಲಾವಿದರನ್ನು ನಾನು ಹೇಳುತ್ತಿಲ್ಲ. ಬಡಗಿ, ಸೌಂಡ್ ಹುಡುಗ, ಮೇಕಪ್‌ನವರು.

ಈಗ ಅಲ್ಲಿ ಇರುವವರ ವಿಷಯ. ನಿಮ್ಮ ವರದಿಗಳಲ್ಲಿ ‘ಪಾಳುಬಿದ್ದ ಪ್ರದೇಶ’ ಅಂತ ಬರೆದಿರುತ್ತದೆ. ಪಾಳು ಅನ್ನುವ ಮಾತನ್ನು ಅಲ್ಲಿ ವಾಸವಿರುವವರ ಮುಂದೆ ಒಮ್ಮೆ ಹೇಳಿ ನೋಡಿ. ನ್ಯೂಯಾರ್ಕಿನ ಲಿಂಕನ್ ಸೆಂಟರ್ ಗೊತ್ತಲ್ಲ, ಸಂಗೀತ, ಬ್ಯಾಲೆ, ಒಪೆರಾಗಳ ದೊಡ್ಡ ನೆಲೆ. 1959ರಲ್ಲಿ ಅದಕ್ಕೆ ಗುದ್ದಲಿ ಪೂಜೆ ಆಯಿತು. ಅದು ನಿಂತಿರುವುದು ಸ್ಯಾನ್ ಹ್ವಾನ್ ಹಿಲ್ ಅನ್ನುವ ಬಡಾವಣೆಯನ್ನು ಅಳಿಸಿದ ಜಾಗದಲ್ಲಿ. ಅಲ್ಲಿದ್ದವರಲ್ಲಿ ಕಪ್ಪು ಜನ, ಪೋರ್ಟೊರಿಕೊದಿಂದ ಬಂದವರು ಬಹಳ. 7,000ಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಜಾಝ್ ಪಿಯಾನೊದ ದೊಡ್ಡ ಹೆಸರು ಥೆಲೋನಿಯಸ್ ಮಾಂಕ್ ಬೆಳೆದದ್ದು ಅದೇ ಬಡಾವಣೆಯಲ್ಲಿ. ಅಂದರೆ ಸಂಗೀತಕ್ಕೆ ಮನೆ ಕಟ್ಟಲು ಸಂಗೀತ ಹುಟ್ಟುತ್ತಿದ್ದ ಮನೆಗಳನ್ನು ಕೆಡವಿದರು. ಅಲ್ಲಿನ ಸಭಾಂಗಣಗಳು ಅದ್ಭುತ, ಅದರಲ್ಲಿ ಅನುಮಾನವಿಲ್ಲ. ಆದರೂ ಈ ಲೆಕ್ಕ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ನಿಮ್ಮ ನಡುಪೇಟೆಯಲ್ಲೂ ಟೈಲರ್ ಇರುತ್ತಾನೆ. ಬೀಗ ರಿಪೇರಿಯವನು ಇರುತ್ತಾನೆ. ಸ್ಪೀಕರಿನ ಹರಿದ ಕೋನ್ ಅಂಟಿಸಿ ಕೊಡುವ ಮುದುಕ ಇರುತ್ತಾನೆ. ಅವರು ಅಲ್ಲಿಂದ ಹೋದರೆ ನಮಗೂ ತೊಂದರೆ. ಶೋಗೆ ಎರಡು ಗಂಟೆ ಇರುವಾಗ ರಾಜನ ಅಂಗಿಯ ಹೊಲಿಗೆ ಬಿಚ್ಚಿದರೆ ಎಲ್ಲಿಗೆ ಓಡಲಿ? ಬಾಡಿಗೆ ಕರಾರಿನ ಮಾತು ಅವರಿಗೂ ಸೇರಿಸಿಯೇ ಹೇಳಿದ್ದು.

ಸದ್ದಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಯೋಜನೆಗಳು ಎಡವುವುದು ಇಲ್ಲೇ. ಕಲಾ ವಲಯ ಹೆಸರು ಮಾಡಿದ ಮೇಲೆ ಅಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ‘ಸಂಗೀತದ ನಡುವೆ ಬದುಕು’ ಅಂತ ಜಾಹೀರಾತು. ಮನೆ ಕೊಂಡವರು ಮೂರನೇ ವಾರ ದೂರು ಕೊಡುತ್ತಾರೆ. ಅವರನ್ನು ಬೈಯುವುದು ಸುಲಭ. ನಾನೂ ಬೈಯುತ್ತಿದ್ದೆ, ಅಂಥ ಒಂದು ಮನೆಯೊಳಗೆ ಹೋಗುವ ತನಕ. ಪಕ್ಕದ ಸಂಗೀತ ಹಾಲ್‌ನವರು ದೂರು ಬಂದಿದೆ, ನೀವೂ ಬನ್ನಿ ಅಂತ ಕರೆದಿದ್ದರು. ಕಿಟಕಿ ಎಲ್ಲ ಮುಚ್ಚಿತ್ತು. ಹಾಡು ಕೇಳಿಸುತ್ತಲೇ ಇರಲಿಲ್ಲ. ಆದರೆ ಮಗು ಮಲಗುವ ಕೋಣೆಯಲ್ಲಿ ಕಬ್ಬಿಣದ ಬೀರು ಗುರ್ ಗುರ್ ಅನ್ನುತ್ತಿತ್ತು. ಅದರ ಬಾಗಿಲ ಸಂದಿಗೆ ಆ ತಾಯಿ ಕಾಗದ ಮಡಿಸಿ ಮಡಿಸಿ ತುರುಕಿದ್ದರು. ಅಧಿಕಾರಿ ಮೀಟರ್ ಹಿಡಿದರು. ಮಿತಿಯ ಒಳಗೇ ಇತ್ತು. ‘ಎಲ್ಲ ಸರಿ ಇದೆ’ ಅಂದರು. ಬೀರು ಮಾತ್ರ ಗುರ್ ಅನ್ನುತ್ತಲೇ ಇತ್ತು.

ಮೀಟರ್ ಸುಳ್ಳು ಹೇಳಲಿಲ್ಲ. ಅದನ್ನು ಸಾಮಾನ್ಯವಾಗಿ ‘ಎ’ ಅನ್ನುವ ಅಳತೆಗೆ ಇಟ್ಟಿರುತ್ತಾರೆ. ಆ ಅಳತೆ ನಮ್ಮ ಕಿವಿಯ ಸ್ವಭಾವ ಅನುಸರಿಸುತ್ತದೆ, ತಗ್ಗು ದನಿಯನ್ನು ಕಡಿಮೆ ಲೆಕ್ಕ ಹಾಕುತ್ತದೆ. 63 ಹರ್ಟ್ಸ್ ದನಿ ಬಂದರೆ ಸುಮಾರು 26 ಡೆಸಿಬಲ್ ಕಳೆದೇ ತೋರಿಸುತ್ತದೆ. ಆದರೆ ಗೋಡೆ ದಾಟಿ ಬರುವುದು ಆ ತಗ್ಗು ದನಿಯೇ. 50 ಹರ್ಟ್ಸ್ ದನಿಯ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅಂಥದ್ದನ್ನು ಒಂದು ಪದರ ಸ್ಪಂಜು ಅಂಟಿಸಿ ತಡೆಯುತ್ತೇನೆ ಅನ್ನುವವರನ್ನು ನಂಬಬೇಡಿ. ಬೇಕಾಗುವುದು ಭಾರದ ಗೋಡೆ, ಗೋಡೆಯೊಳಗೆ ಅದನ್ನು ಮುಟ್ಟದ ಇನ್ನೊಂದು ಗೋಡೆ, ರಬ್ಬರಿನ ಮೇಲೆ ಕೂತ ನೆಲ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಜೋಡಿ ಬಾಗಿಲು. ಕಟ್ಟುವಾಗಲೇ ಹಾಕಿದರೆ ಸಾಧ್ಯ. ಕಟ್ಟಿ ಮುಗಿಸಿದ ಮೇಲೆ ಅಂದರೆ ಆ ಹಾಲ್‌ನ ಕತೆ ಮುಗಿದ ಹಾಗೆ.

ಆ ಖರ್ಚು ಯಾರದ್ದು? ಇದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಒಂದು ನಿಯಮ ತಂದಿತು. 2018ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಯೋಜನಾ ನೀತಿಯಲ್ಲೂ ಅದು ಸೇರಿತು. ಸರಳ ಮಾತಿನಲ್ಲಿ ಹೇಳುವುದಾದರೆ: ಬದಲಾವಣೆ ತರುವವನೇ ಹೊಣೆ. ಸಂಗೀತ ಹಾಲ್ ಮೊದಲಿಂದ ಇದ್ದು ಪಕ್ಕದಲ್ಲಿ ಮನೆ ಬಂದರೆ, ಸದ್ದು ತಡೆಯುವ ಕೆಲಸ ಮನೆ ಕಟ್ಟುವ ಬಿಲ್ಡರನದು. ಮನೆಗಳ ನಡುವೆ ಹೊಸದಾಗಿ ಹಾಲ್ ಬಂದರೆ ಹಾಲ್‌ನವರದು. ಇದರಿಂದ ಮಗು ನಿದ್ದೆ ಮಾಡುತ್ತದೆ, ಹಾಲ್ ಕೂಡ ಉಳಿಯುತ್ತದೆ. ದುಡ್ಡು ಮಾಡಿಕೊಂಡು ಹೋಗುವ ಬಿಲ್ಡರ್ ಮಾತ್ರ ಗೊಣಗುತ್ತಾನೆ. ಮೊದಲ ಅಪಾರ್ಟ್‌ಮೆಂಟಿಗೆ ಅನುಮತಿ ಕೊಡುವ ಮೊದಲು ಈ ನಿಯಮ ನಿಮ್ಮ ಪುಸ್ತಕದಲ್ಲಿ ಇರಬೇಕು.

ಬಾರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರಲಿ, ಆದರೆ ಲೆಕ್ಕವಿರಲಿ. ಬೀದಿಯನ್ನು ಹಾಗೇ ಬಿಟ್ಟರೆ ಜಾಸ್ತಿ ಬಾಡಿಗೆ ಕೊಡಬಲ್ಲವರೇ ತುಂಬಿಕೊಳ್ಳುತ್ತಾರೆ, ಅವರು ಗೊಂಬೆಯಾಟದವರಂತೂ ಆಗಿರುವುದಿಲ್ಲ. ಹಗಲಿನ ಜನವೂ ಬೇಕು. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ ಇದನ್ನು ಹೇಳಿದ್ದರು. ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಕೆಲಸಕ್ಕೆ ಜನ ಬರುತ್ತಿದ್ದರೆ ಬೀದಿ ಬದುಕುತ್ತದೆ. ಕಲಾ ಕಟ್ಟಡಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಶಾಲೆ, ಗ್ರಂಥಾಲಯ, ತರಬೇತಿ ಕೇಂದ್ರ, ಮನೆಗಳು ಇದ್ದರೆ ಬೆಳಗ್ಗೆ ಹತ್ತಕ್ಕೂ ಅಲ್ಲಿ ಯಾರಾದರೂ ಇರುತ್ತಾರೆ.

ಯಾರಾದರೂ ನಿಮ್ಮ ಸಭೆಯಲ್ಲಿ ಸ್ಪೇನಿನ ಬಿಲ್ಬಾವೊ ನಗರದ ಹೆಸರು ಎತ್ತಿಯೇ ಎತ್ತುತ್ತಾರೆ. 1997ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಬಂತು, ಊರೇ ಬದಲಾಯಿತು ಅಂತ. ಅವರನ್ನು ಒಂದು ಪ್ರಶ್ನೆ ಕೇಳಿ: 1995ರಲ್ಲಿ ಅಲ್ಲಿ ಏನು ಬಂತು? ಮೆಟ್ರೊ. ಮ್ಯೂಸಿಯಂಗೂ ಮೊದಲೇ ನದಿಗೆ ಬೀಳುತ್ತಿದ್ದ ಕೊಳಚೆ ತಡೆಯುವ ಕೆಲಸ ನಡೆದಿತ್ತು. ಬಂದರನ್ನು ಸಮುದ್ರದ ಕಡೆಗೆ ಸರಿಸುತ್ತಿದ್ದರು. ಫೋಟೊದಲ್ಲಿ ಹೊಳೆಯುವುದು ಮ್ಯೂಸಿಯಂನ ಟೈಟಾನಿಯಂ ತಗಡು. ಚರಂಡಿ ಪೈಪಿನ ಫೋಟೊ ಯಾರು ತೆಗೆಯುತ್ತಾರೆ?

ನಿಮ್ಮ ನಕ್ಷೆಯ ಮೂಲೆಯಲ್ಲಿ ‘ಬಹುಪಯೋಗಿ ಜಾಗ’ ಅಂತ ಒಂದು ಬೂದು ಚೌಕ ಇದ್ದೇ ಇರುತ್ತದೆ. ಅದರ ಹೆಸರು ಅಳಿಸಿ ‘ತಾಲೀಮು ಕೋಣೆ, 30 ವರ್ಷದ ಕರಾರು’ ಅಂತ ಬರೆಯಿರಿ. ಮುಂದಿನ ಸಭೆಗೆ ನಕ್ಷೆಯನ್ನು ಹಾಗೇ ತನ್ನಿ. ಎಷ್ಟು ಜನ ತಕರಾರು ಎತ್ತುತ್ತಾರೆ ನೋಡಿ. ಯೋಜನೆ ಕಲೆಗಾಗಿಯೋ ಜಾಗದ ಬೆಲೆಗಾಗಿಯೋ ಅನ್ನುವುದು ಆ ಹತ್ತು ನಿಮಿಷದಲ್ಲೇ ನಿಮಗೆ ಗೊತ್ತಾಗುತ್ತದೆ.

ಇಂತಿ,
ರಂಗದ ಮೇಲೆ ಬೆಳಕು ಹಾಕುವವನು

ತಾ.ಕ.: ಮರೆತಿದ್ದೆ. ಒಂದೂರಿನ ಹೊಸ ರಂಗಮಂದಿರಕ್ಕೆ ಸೆಟ್ ತೆಗೆದುಕೊಂಡು ಹೋದೆವು. ಮುಂಬಾಗಿಲು ಅರಮನೆಯ ಹಾಗಿತ್ತು. ಸಾಮಾನು ಇಳಿಸುವ ಹಿಂಬಾಗಿಲು ನಮ್ಮ ಸೆಟ್‌ಗಿಂತ ಅರ್ಧ ಅಡಿ ಕಿರಿದು. ಮಳೆಯಲ್ಲಿ, ಬೀದಿದೀಪದ ಕೆಳಗೆ, ಕೋಟೆಯ ಗೋಡೆಯನ್ನು ಗರಗಸದಿಂದ ಎರಡು ಭಾಗ ಮಾಡಿ ಒಳಗೆ ಸಾಗಿಸಿದೆವು. ಆ ನಾಟಕದಲ್ಲಿ ಕೋಟೆ ಬೀಳುವುದು ಮೂರನೇ ಅಂಕದಲ್ಲಿ. ಅವತ್ತು ಮೊದಲನೇ ಅಂಕದಲ್ಲೇ ಅಲ್ಲಾಡುತ್ತಿತ್ತು. ದಯವಿಟ್ಟು ಹಿಂಬಾಗಿಲನ್ನು ಲಾರಿಯ ಅಳತೆಗೆ ಮಾಡಿಸಿ, ಮೇಲೊಂದು ಚಿಕ್ಕ ಸೂರೂ ಇರಲಿ.